ಅರ್ಧ ಗಂಟೆಯ ಪ್ರಬಂಧ

ಈ ಹೊತ್ತು ನಾನು ಒಂದು ಪರೀಕ್ಷೆಯ ಕುರಿತು ಮಾತನಾಡಬೇಕೆಂದಿದ್ದೇನೆ. ಪರೀಕ್ಷೆ ಎಂದೊಡನೆ ಇದು ಮಕ್ಕಳ ವಿಷಯವೆಂದು ಹಿರಿಯರು ಎದ್ದುಹೋಗಬಾರದೆಂದು ನನ್ನ ಪ್ರಾರ್ಥನೆ. ಆ ಪರೀಕ್ಷೆ ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ಬದುಕಿದವರು ನಮ್ಮ ಮನೆಗಳ ಹಿರಿಯರೇ ಆಗಿದ್ದಾರೆ.

ಅಮೆರಿಕ ಮೊದಲಾದ ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಉನ್ನತ ವ್ಯಾಸಂಗ ಮಾಡಬಯಸುವ ತರುಣ ತರುಣಿಯರು ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳುವುದು ಬೆಂಗಳೂರಿನ ಇಂದಿರಾನಗರದ ಮನೆಗಳಲ್ಲಿಯೂ, ಕೃಷ್ಣರಾಜಪುರದ ಬಾಡಿಗೆಯ ಕೋಣೆಗಳಲ್ಲಿಯೂ ಈಗ ನಿತ್ಯದ ಮಾತಾಗಿದೆ. ಅದರಲ್ಲಿ ಗಣಿತವುಂಟು, ಇಂಗ್ಲಿಷ್ ಭಾಷಾಜ್ಞಾನವುಂಟು. ಇವೆರಡಕ್ಕೂ ಮೊದಲು ಒಂದು ಪ್ರಬಂಧವುಂಟು. 2002ರಿಂದ ಈ ಪ್ರಬಂಧ ರಚನೆ ಪರೀಕ್ಷೆಯ ಅಂಗವಾಯಿತು. ಮೊದಲಿಗೆ ಎರಡು ಪ್ರಬಂಧಗಳನ್ನು ಬರೆಯಬೇಕಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಇಡೀ ಪರೀಕ್ಷೆಯನ್ನು ಸುಮಾರು ಎರಡು ಗಂಟೆಗಳಿಗೆ ಇಳಿಸಿದಾಗ ಒಂದನ್ನು ಕೈಬಿಟ್ಟು ಮತ್ತೊಂದನ್ನು ಉಳಿಸಿಕೊಂಡರು. ಅದಕ್ಕೆ ದೊರೆಯುವ ಕಾಲ ಅರ್ಧ ಗಂಟೆ. ಅಂಕಗಳು ಸೊನ್ನೆಯಿಂದ ಆರರವರೆಗೆ. ಬರೆದದ್ದನ್ನು ಮನುಷ್ಯನೊಬ್ಬನು ಓದುತ್ತಾನೆ, ಗಣಕಯಂತ್ರವೂ ಓದುತ್ತದೆ.

ವಿಷಯಗಳೇನೂ ಗುಟ್ಟಲ್ಲ. ಪರೀಕ್ಷೆಯನ್ನು ನಡೆಸುವ ಸಂಸ್ಥೆಯೇ ಅವುಗಳ ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಿದೆ. ಆ ಪಟ್ಟಿಯನ್ನು ನಾನು ಕುಳಿತು ಓದಿದ್ದೇನೆ. ಶಿಕ್ಷಣ ಮತ್ತು ಸಮಾಜ, ಈ ಎರಡು ಪದಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ಕಾಲೇಜಿಗೆ ಹೋಗುವವರೆಗೆ ದೇಶದ ಮಕ್ಕಳೆಲ್ಲರೂ ಒಂದೇ ಪಠ್ಯಕ್ರಮವನ್ನು ಓದಬೇಕೆ? ಶುಲ್ಕ ತೆರಲಾರದವರಿಗೆ ಸರ್ಕಾರವು ಉನ್ನತ ಶಿಕ್ಷಣವನ್ನು ಉಚಿತವಾಗಿ ಕೊಡಬೇಕೆ? ಶಾಲೆಯ ಶಿಕ್ಷಣ ನಮ್ಮ ಮನಸ್ಸನ್ನು ಬಿಡುಗಡೆ ಮಾಡುತ್ತದೆಯೋ, ಕಟ್ಟಿಹಾಕುತ್ತದೆಯೋ? ಒಂದು ಸಮಾಜವನ್ನು ಅರಿಯಲು ಅದರ ದೊಡ್ಡ ನಗರಗಳನ್ನು ಅಭ್ಯಸಿಸಿದರೆ ಸಾಕೆ? ಇವುಗಳಿಗೆ ಇಂಥದೇ ಸರಿಯುತ್ತರವೆಂಬುದಿಲ್ಲ. ಒಪ್ಪಬಹುದು, ಒಪ್ಪದಿರಬಹುದು, ಅರ್ಧ ಒಪ್ಪಬಹುದು. ಕಾರಣಗಳು ಬೇಕು, ನಿದರ್ಶನಗಳು ಬೇಕು, ತನ್ನ ಮಾತು ಎಲ್ಲಿ ಸಲ್ಲದೆಂಬುದನ್ನು ತಾನೇ ಕಂಡುಕೊಳ್ಳುವ ಪ್ರಾಮಾಣಿಕತೆ ಬೇಕು.

ನಾನು ಹಲಸೂರಿನ ನಿವಾಸಿ, ಬಹುಕಾಲ ಅಧ್ಯಾಪಕನಾಗಿದ್ದವನು. ಭಾನುವಾರದ ಬೆಳಗ್ಗೆ ಸುತ್ತಮುತ್ತಲಿನ ಕೆಲವು ವಿದ್ಯಾರ್ಥಿಗಳು ತಾವು ಅಭ್ಯಾಸಕ್ಕಾಗಿ ಬರೆದ ಪ್ರಬಂಧಗಳನ್ನು ತಂದು ತೋರಿಸುತ್ತಾರೆ. ಅವುಗಳನ್ನು ಓದುವಾಗ ನನಗೆ ಒಂದು ವ್ಯಥೆ. ಭಾಷೆಯಲ್ಲಿ ತಪ್ಪಿರುವುದಿಲ್ಲ, ವಾಕ್ಯಗಳು ನೆಟ್ಟಗಿರುತ್ತವೆ. ಆದರೆ ಶಿವಾಜಿನಗರದ ಹುಡುಗನು ಬರೆದದ್ದಕ್ಕೂ ಕೃಷ್ಣರಾಜಪುರದ ಹುಡುಗಿ ಬರೆದದ್ದಕ್ಕೂ ವ್ಯತ್ಯಾಸವೇ ಇರುವುದಿಲ್ಲ. ಇಬ್ಬರಲ್ಲಿಯೂ ಐನ್‌ಸ್ಟೈನರು ಬರುತ್ತಾರೆ, ಎಡಿಸನ್ನರು ಬರುತ್ತಾರೆ, ಕಾಲೇಜು ಬಿಟ್ಟು ಕೋಟ್ಯಧೀಶರಾದ ಯಾರೋ ಒಬ್ಬರು ಬರುತ್ತಾರೆ. ಕೋಚಿಂಗ್ ತರಗತಿಗಳಲ್ಲಿ ಇದಕ್ಕೆ ಟೆಂಪ್ಲೇಟ್ ಎನ್ನುತ್ತಾರಂತೆ: ಮೊದಲೇ ಸಿದ್ಧಪಡಿಸಿದ ಅಚ್ಚು, ವಿಷಯ ಯಾವುದಾದರೂ ಎರಕ ಹೊಯ್ಯುವುದಷ್ಟೇ ಕೆಲಸ. ಮಕ್ಕಳನ್ನು ನಾನು ದೂರುವುದಿಲ್ಲ. ಬಾಲ್ಯದಿಂದಲೂ ತಾವು ಕಂಡದ್ದು ಬರವಣಿಗೆಗೆ ಅರ್ಹವಲ್ಲವೆಂದು ಅವರಿಗೆ ಹೇಳಿಕೊಟ್ಟವರು ನಾವೇ ಅಲ್ಲವೆ?

ಆದುದರಿಂದ ನನ್ನ ಇಂದಿನ ಮಾತು ಒಂದೇ. ಈ ಪ್ರಶ್ನೆಗಳಿಗೆ ಬೇಕಾದ ನಿದರ್ಶನಗಳು ದಂಡಿನ, ಎಂದರೆ ಕಂಟೋನ್ಮೆಂಟಿನ, ಬೀದಿಗಳಲ್ಲಿವೆ, ಹಲಸೂರಿನ ಕೆರೆಯ ದಡದಲ್ಲಿವೆ, ಕೃಷ್ಣರಾಜಪುರದ ಹಾದಿಯಲ್ಲಿವೆ. ಅವುಗಳನ್ನು ನೋಡುವ ಕಣ್ಣು ಬೇಕು. ಬನ್ನಿ, ಒಂದೆರಡನ್ನು ಜೊತೆಯಾಗಿ ನೋಡೋಣ.

ಮೊದಲನೆಯ ವಿಷಯ: ಶಾಲೆಯು ಮನಸ್ಸನ್ನು ಕಟ್ಟಿಹಾಕುತ್ತದೆಯೋ, ಬಿಡಿಸುತ್ತದೆಯೋ?

1896ನೆಯ ಇಸವಿಯನ್ನು ಮನಸ್ಸಿಗೆ ತಂದುಕೊಳ್ಳಿ. ಆಗ ಬೆಂಗಳೂರು ಎರಡು ಊರು. ಪಶ್ಚಿಮಕ್ಕೆ ಮೈಸೂರು ಮಹಾರಾಜರ ಪೇಟೆ; ಪೂರ್ವಕ್ಕೆ ಬ್ರಿಟಿಷರ ದಂಡು. ಆ ವರ್ಷದ ಕೊನೆಯ ಭಾಗದಲ್ಲಿ ನಾಲ್ಕನೆಯ ಹುಸಾರ್ಸ್ ಎಂಬ ಕುದುರೆ ಪಡೆಯೊಡನೆ ಇಪ್ಪತ್ತೆರಡರ ಆಸುಪಾಸಿನ ಒಬ್ಬ ಅಧಿಕಾರಿ ಈ ದಂಡಿಗೆ ಬಂದಿಳಿದನು. ಮುಂದೆ ಬ್ರಿಟನ್ನಿನ ಪ್ರಧಾನಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್ ಆತನೇ. ಶಾಲೆಯಲ್ಲಿ ಆತನು ಹೆಸರು ಗಳಿಸಿದವನಲ್ಲ. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಿದವನಲ್ಲ. ಬೆಳಗಿನ ಕವಾಯತು ಮುಗಿದು, ಸಂಜೆಯ ಪೋಲೋ ಆಟಕ್ಕೆ ಇನ್ನೂ ಬಹಳ ಹೊತ್ತಿರುವಾಗ, ಮಧ್ಯಾಹ್ನದ ಆ ದೀರ್ಘವಾದ ವಿರಾಮದಲ್ಲಿ, ತನಗೆ ತಿಳಿಯದಿರುವುದು ಎಷ್ಟೊಂದು ಇದೆಯಲ್ಲ ಎಂಬ ಕಳವಳ ಆತನನ್ನು ಹಿಡಿಯಿತು. ತಾಯಿಗೆ ಕಾಗದ ಬರೆದು ಪುಸ್ತಕಗಳನ್ನು ತರಿಸಿಕೊಂಡನು. ಗಿಬ್ಬನ್ನರ ರೋಮ್ ಚರಿತ್ರೆ, ಮೆಕಾಲೆಯ ಇಂಗ್ಲೆಂಡಿನ ಚರಿತ್ರೆ, ಪ್ಲೇಟೋ, ಡಾರ್ವಿನ್: ದಿನಕ್ಕೆ ನಾಲ್ಕೈದು ಗಂಟೆಗಳ ಕಾಲ ಓದಿದನು. ಗುರುವಿಲ್ಲ, ಪರೀಕ್ಷೆಯಿಲ್ಲ, ಪದವಿಯಿಲ್ಲ. ತನ್ನ ನಿಜವಾದ ವಿದ್ಯಾಭ್ಯಾಸ ಬೆಂಗಳೂರಿನಲ್ಲಿ ನಡೆಯಿತೆಂಬುದನ್ನು ಆತನು ಆತ್ಮಕಥೆಯಲ್ಲಿ ವಿವರವಾಗಿ ದಾಖಲಿಸಿದ್ದಾನೆ.

ಶಾಲೆಯೇ ಬೇಡ, ಸ್ವಾಧ್ಯಾಯವೇ ಮೇಲೆಂದು ವಾದಿಸುವವನಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವುಂಟೆ? ಅದೂ ತಾನು ನಿತ್ಯ ಬಸ್ಸು ಹತ್ತುವ ಊರಿನಲ್ಲಿ ನಡೆದದ್ದು.

ಆದರೆ ಇಲ್ಲಿಗೆ ನಿಲ್ಲಬಾರದು. ಅದೇ ಆತ್ಮಕಥೆಯಲ್ಲಿ ಆತನು ಮತ್ತೊಂದು ಸಂಗತಿಯನ್ನೂ ಹೇಳಿದ್ದಾನೆ. ಮೂವರು ಅಧಿಕಾರಿಗಳು ಕೂಡಿ ಒಂದು ಬಂಗಲೆಯಲ್ಲಿದ್ದರು. ಅವರ ಸೇವೆಗೆ ಬಟ್ಲರುಗಳು, ಉಡುಪು ತೊಡಿಸುವವರು, ಕುದುರೆಗೆ ಸಯಿಸರು, ತೋಟಕ್ಕೆ ಮಾಲಿಗಳು, ನೀರು ಹೊರಲು ಭಿಸ್ತಿ, ಬಟ್ಟೆಗೆ ಅಗಸರು, ರಾತ್ರಿಗೆ ಕಾವಲುಗಾರ. ಆ ತರುಣನ ಮಧ್ಯಾಹ್ನದ ನಾಲ್ಕೈದು ಗಂಟೆಗಳು ಎಲ್ಲಿಂದ ಬಂದುವು? ಇಷ್ಟು ಜನರ ದುಡಿಮೆಯಿಂದ ಬಂದುವು. ಆತನು ಗಿಬ್ಬನ್ನರನ್ನು ಓದುತ್ತಿದ್ದಾಗ ಹೊರಗೆ ಗುಲಾಬಿಗೆ ನೀರೆರೆಯುತ್ತಿದ್ದವನ ಮಗನಿಗೆ ಸ್ವಾಧ್ಯಾಯದ ಮಾತಿರಲಿ, ಅಕ್ಷರದ ಪರಿಚಯವಾದರೂ ಹೇಗೆ ಆಗಬೇಕು? ಆ ಮಗನನ್ನು ಬಿಡುಗಡೆ ಮಾಡಬಲ್ಲದ್ದು ಶಾಲೆಯೊಂದೇ.

ಒಂದೇ ಬಂಗಲೆ. ಒಳಗಿನವನಿಗೆ ಶಾಲೆ ಬೇಡವಾಯಿತು. ಹೊರಗಿನವನಿಗೆ ಶಾಲೆಯಿಲ್ಲದೆ ಗತಿಯಿಲ್ಲ. ಒಂದು ನಿದರ್ಶನದ ಎರಡು ಮುಖಗಳನ್ನೂ ಹೀಗೆ ತೋರಿಸಿದ ವಿದ್ಯಾರ್ಥಿಗೆ ಪ್ರಬಂಧದ ಅರ್ಧ ಭಾಗ ಮುಗಿದಂತೆಯೇ ಸರಿ.

ಇದುವರೆಗೆ ಹೇಳಿದ್ದನ್ನು ಒಮ್ಮೆ ನೆನೆದುಕೊಂಡು ಮುಂದೆ ಹೋಗೋಣ. ದಂಡಿನ ಬಂಗಲೆಯೊಳಗೆ ಗುರುವಿಲ್ಲದ ವಿದ್ಯೆ ಕಂಡೆವು. ಅದರ ಹೊರಗೆ ಶಾಲೆಯ ಅಗತ್ಯವನ್ನು ಕಂಡೆವು. ಆ ಶಾಲೆಯನ್ನು ಕಟ್ಟುವವರು ಯಾರು? ಅದರ ಖರ್ಚು ಯಾರದು? ಇದು ಎರಡನೆಯ ವಿಷಯ.

ಚರ್ಚಿಲ್ ಬರುವುದಕ್ಕೆ ಇಪ್ಪತ್ತು ವರ್ಷಗಳಿಗೂ ಹಿಂದೆಯೇ, 1873ರಲ್ಲಿ, ಈ ದಂಡಿನಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಒಂದು ಶಾಲೆಯನ್ನು ತೆರೆದರು. ಅವರು ಸರ್ಕಾರದ ಅಧಿಕಾರಿಗಳಲ್ಲ. ವ್ಯಾಪಾರ ಮಾಡಿದವರು, ಕಟ್ಟಡಗಳ ಗುತ್ತಿಗೆ ಹಿಡಿದವರು. ಇಂದು ಉಚ್ಚ ನ್ಯಾಯಾಲಯವಿರುವ ಕೆಂಪು ಬಣ್ಣದ ಅಠಾರಾ ಕಚೇರಿ, ಆ ಉದ್ದನೆಯ ಕಂಬಸಾಲಿನ ಕಟ್ಟಡ, ಅವರ ಗುತ್ತಿಗೆಯಲ್ಲಿ ಎದ್ದು ನಿಂತದ್ದು. ಗಳಿಸಿದ ಹಣವನ್ನು ದಂಡಿನ ಬಡಮಕ್ಕಳ ವಿದ್ಯೆಗೆ ಅವರು ವಿನಿಯೋಗಿಸಿದರು. ಸರ್ಕಾರ ಅವರಿಗೆ ರಾಯ್ ಬಹದ್ದೂರ್ ಎಂಬ ಬಿರುದನ್ನು ಕೊಟ್ಟಿತು. ಆರ್‌ಬಿಎಎನ್‌ಎಂಎಸ್ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುವ ಶಾಲೆ, ಕಾಲೇಜು, ಆಟದ ಮೈದಾನ, ಇವುಗಳ ಹೆಸರಿನೊಳಗೆ ಆ ಬಿರುದೂ ಆ ಮನುಷ್ಯರೂ ಅಡಗಿದ್ದಾರೆ. ಪ್ರತಿದಿನ ಆ ಮೈದಾನದ ಪಕ್ಕದಲ್ಲಿ ಹಾದು ಕಾಲೇಜಿಗೆ ಹೋಗುವ ಹುಡುಗನೊಬ್ಬನನ್ನು ಈ ಅಕ್ಷರಗಳ ಅರ್ಥವೇನೆಂದು ನಾನು ಕೇಳಿದೆ. ಅವನಿಗೆ ತಿಳಿದಿರಲಿಲ್ಲ. ಅಂದೇ ಸಂಜೆ ಅವನು ಬರೆದ ಪ್ರಬಂಧದಲ್ಲಿ ಅಮೆರಿಕದ ಇಬ್ಬರು ದಾನಿಗಳ ಹೆಸರಿತ್ತು.

ಉಚಿತ ಶಿಕ್ಷಣವು ಸರ್ಕಾರದ ಹೊಣೆಯೆಂದು ಬರೆಯುವವನು ಮೊದಲಿಯಾರರ ಶಾಲೆಯನ್ನು ಎದುರಿಗಿಟ್ಟುಕೊಂಡು ಬರೆಯಲಿ. ದಾನಿಯೊಬ್ಬನು ನೂರಾರು ಮಕ್ಕಳನ್ನು ಓದಿಸಬಲ್ಲನು. ಆದರೆ ದಾನಿ ಹುಟ್ಟದ ಊರಿನ ಮಕ್ಕಳ ಗತಿಯೇನು? ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕೆಂದು ಸಾರುವ 2009ರ ಕಾಯಿದೆ ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ದಾನವು ಪಡೆದವನ ಭಾಗ್ಯ, ಹಕ್ಕು ಹಾಗಲ್ಲ. ಅದನ್ನು ಕೇಳಿ ಪಡೆಯಬಹುದು.

ಈಗ ಮೂರನೆಯದು. ಶಾಲೆ ಯಾರ ಖರ್ಚಿನದೆಂದು ನೋಡಿದೆವು. ಅದರೊಳಗೆ ಓದುವುದೇನು? ಎಲ್ಲರೂ ಒಂದೇ ಪಠ್ಯವನ್ನು ಓದಬೇಕೆ?

ಇದಕ್ಕೆ ನಮ್ಮ ಬೆಂಗಳೂರಿನಷ್ಟು ಶ್ರೀಮಂತವಾದ ಉದಾಹರಣೆ ಸುಲಭವಾಗಿ ಸಿಕ್ಕದು. ಒಂದೇ ಊರೆನಿಸಿಕೊಂಡೂ ಇದು ಎರಡು ಆಡಳಿತಗಳ ಕೆಳಗೆ ಬೆಳೆಯಿತು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪಿತವಾಯಿತು. ಪೇಟೆಯ ಕಡೆಯ ಸೆಂಟ್ರಲ್ ಕಾಲೇಜು ಅದರ ಮಡಿಲಿಗೆ ಸೇರಿತು. ದಂಡಿನ ಸೇಂಟ್ ಜೋಸೆಫ್ ಕಾಲೇಜು ಮಾತ್ರ ಆಗಲೂ ಮದರಾಸಿನ ವಿಶ್ವವಿದ್ಯಾನಿಲಯಕ್ಕೇ ಸೇರಿದ್ದಿತು. ನಡುವೆ ಇದ್ದದ್ದು ಕಬ್ಬನ್ ಉದ್ಯಾನ. ಒಂದು ಉದ್ಯಾನವನ್ನು ದಾಟಿದರೆ ಪಠ್ಯ ಬೇರೆ, ಪರೀಕ್ಷೆ ಬೇರೆ, ಪದವಿಯ ಮೊಹರು ಬೇರೆ. ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಕೆಲವೇ ದಿನಗಳ ಮೊದಲು. ಎರಡೂ ಸೇರಿ ಒಂದು ನಗರಪಾಲಿಕೆಯಾದದ್ದು 1949ರಲ್ಲಿ. ಆದರೂ ಮನಸ್ಸಿನೊಳಗಿನ ಆ ಉದ್ಯಾನವನ್ನು ದಾಟುವುದಕ್ಕೆ ಜನರಿಗೆ ಇನ್ನೂ ಬಹುಕಾಲ ಹಿಡಿಯಿತು.

ಒಂದೇ ಪಠ್ಯ ಬೇಕೆನ್ನುವವರ ವಾದಕ್ಕೂ ಇಲ್ಲಿ ಬಲವುಂಟು. ಹಲಸೂರು ಕೆರೆಯ ಬಳಿ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಪಡೆಯ ಕೇಂದ್ರವಿದೆ. ಯೋಧನೊಬ್ಬನಿಗೆ ಇಂದು ಹಲಸೂರು, ಮೂರು ವರ್ಷ ಕಳೆದರೆ ಜಮ್ಮು, ಮತ್ತೆ ಮೂರು ವರ್ಷಕ್ಕೆ ಅಸ್ಸಾಂ. ಅವನ ಮಗಳು ಪ್ರತಿ ಸಲವೂ ಹೊಸ ಪಠ್ಯವನ್ನು ಕಲಿಯಬೇಕೆ? ಈ ತೊಂದರೆಯನ್ನು ನೀಗುವ ಸಲುವಾಗಿಯೇ 1963ರಲ್ಲಿ ಸೇನೆಯ ಇಪ್ಪತ್ತು ಶಾಲೆಗಳನ್ನು ಕೇಂದ್ರ ಸರ್ಕಾರ ವಹಿಸಿಕೊಂಡು ಸೆಂಟ್ರಲ್ ಸ್ಕೂಲುಗಳೆಂಬ ಏರ್ಪಾಟನ್ನು ಮಾಡಿತು. ಅವೇ ಇಂದಿನ ಕೇಂದ್ರೀಯ ವಿದ್ಯಾಲಯಗಳು. ಸಂಖ್ಯೆ ಈಗ ಸಾವಿರದ ಇನ್ನೂರಕ್ಕೂ ಮೇಲೆ. ಒಂದೇ ಪಠ್ಯವೆಂಬುದು ಆ ಮಗುವಿಗೆ ಊರೂರಿಗೂ ತನ್ನೊಡನೆ ಬರುವ ಮನೆಯಂತೆ.

ಆದರೆ ಅದೇ ಕೆರೆಯಿಂದ ಶಿವಾಜಿನಗರದ ಕಡೆಗೆ ನಡೆಯಿರಿ. ಉರ್ದು ಕೇಳಿಸುತ್ತದೆ, ತಮಿಳು ಕೇಳಿಸುತ್ತದೆ, ತೆಲುಗು, ಕನ್ನಡ, ಇಂಗ್ಲಿಷ್ ಕೇಳಿಸುತ್ತವೆ. ಊರನ್ನು ಬಿಟ್ಟೇ ಹೋಗದ ಈ ಮಗುವಿಗೆ ದಿಲ್ಲಿಯಲ್ಲಿ ಬರೆದ ಪಠ್ಯ ಮನೆಯಾದೀತೆ? ಮೊದಲ ತರಗತಿಗಳಲ್ಲಿ ಮಾತೃಭಾಷೆಯಲ್ಲಿ ಇಲ್ಲವೆ ಕನ್ನಡದಲ್ಲಿಯೇ ಪಾಠ ನಡೆಯಬೇಕೆಂದು ನಮ್ಮ ರಾಜ್ಯ ಸರ್ಕಾರ 1994ರಲ್ಲಿ ಆಜ್ಞೆ ಹೊರಡಿಸಿತು. ಇಪ್ಪತ್ತು ವರ್ಷಗಳ ವ್ಯಾಜ್ಯದ ತರುವಾಯ, 2014ರ ಮೇ ತಿಂಗಳಲ್ಲಿ, ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಮಾಧ್ಯಮವನ್ನು ಆರಿಸಿಕೊಳ್ಳುವ ಹಕ್ಕು ತಂದೆತಾಯಿಗಳದೆಂದು ತೀರ್ಪಿತ್ತಿತು. ಆ ತೀರ್ಪಿನ ದಿನ ನನಗಾದ ನೋವನ್ನು ನಾನು ಮರೆಮಾಚುವುದಿಲ್ಲ. ಮಗುವಿನ ಮೊದಲ ಆಲೋಚನೆ ತಾಯಿಯ ಮಾತಿನಲ್ಲಿಯೇ ಮೂಡುತ್ತದೆಂದು ಇಂದಿಗೂ ನಂಬಿದವನು ನಾನು. ಆದರೂ ನನ್ನಲ್ಲಿಗೆ ಬರುವ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು: ನನ್ನ ಮತವನ್ನು ಬರೆಯಬೇಡಿ. ಎರಡು ಕಡೆಯ ತಾಯಂದಿರನ್ನೂ ಮಾತನಾಡಿಸಿ, ಆಮೇಲೆ ಬರೆಯಿರಿ.

ದಂಡನ್ನು ನೋಡಿಯಾಯಿತು, ಹಲಸೂರನ್ನೂ ಶಿವಾಜಿನಗರವನ್ನೂ ನೋಡಿಯಾಯಿತು. ಇನ್ನು ಪೂರ್ವದ ತುದಿಗೆ ಹೋಗೋಣ. ಕೃಷ್ಣರಾಜಪುರದ ವಿಷಯವನ್ನು ಅಲ್ಲಿನ ಒಬ್ಬ ವಿದ್ಯಾರ್ಥಿನಿಯ ಮೂಲಕವೇ ಹೇಳುತ್ತೇನೆ.

ಆಕೆಯ ತಾತನವರು ದೂರವಾಣಿನಗರದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ನಮ್ಮ ಜನರ ಬಾಯಲ್ಲಿ ಐಟಿಐ, 1948ರಲ್ಲಿ ಆರಂಭವಾಯಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯೆಂಬ ಗೌರವ ಅದಕ್ಕೆ ಸಂದಿದೆ. ಒಂದು ಕಾರ್ಖಾನೆ ತನ್ನ ಕನ್ನಡ ಹೆಸರನ್ನು ಇಡೀ ಬಡಾವಣೆಗೆ ಕೊಟ್ಟದ್ದೂ ಸಣ್ಣ ಸಂಗತಿಯಲ್ಲ. ಹಳ್ಳಿಗಳಿಂದ ಬಂದ ಸಾವಿರಾರು ತರುಣರು ಅಲ್ಲಿ ಸೂಕ್ಷ್ಮ ಯಂತ್ರಗಳ ಜೋಡಣೆಯನ್ನು ಕಲಿತರು. ಸ್ಟ್ರೌಜರ್ ಎಂಬ ವಿನಿಮಯ ಯಂತ್ರ, ಅನಂತರ ಕ್ರಾಸ್‌ಬಾರ್ ಎಂಬುದು. ಟಕಟಕನೆ ಸದ್ದು ಮಾಡುತ್ತ ಒಂದು ಮನೆಯ ದೂರವಾಣಿಯನ್ನು ಮತ್ತೊಂದು ಮನೆಗೆ ಜೋಡಿಸುತ್ತಿದ್ದ ಲೋಹದ ಬೆರಳುಗಳು. ಕಾಲಕ್ರಮದಲ್ಲಿ ವಿದ್ಯುನ್ಮಾನದ ಯಂತ್ರಗಳು ಬಂದುವು. ಆಮೇಲೆ ಜೇಬಿನೊಳಗಿನ ಮೊಬೈಲು ಬಂದಿತು. ಕೈಗಳಲ್ಲಿದ್ದ ಆ ವಿದ್ಯೆಗೆ ಕೆಲಸವೇ ಇಲ್ಲವಾಯಿತು.

ವಿದ್ಯಾಸಂಸ್ಥೆಗಳು ಉದ್ಯೋಗಕ್ಕೆ ಅನುಕೂಲವಾದುದನ್ನೇ ಕಲಿಸಬೇಕೆ ಎಂಬುದು ಅಂದು ಆಕೆ ಆರಿಸಿಕೊಂಡಿದ್ದ ವಿಷಯ. ಮೊದಲ ಸಲ ಬರೆದದ್ದರಲ್ಲಿ ತಾತನವರ ಸುಳಿವಿಲ್ಲ. ಮಾತಿನ ನಡುವೆ ಅವರ ಪ್ರಸ್ತಾಪ ಬಂದಿತು. ಅದನ್ನೇಕೆ ಬರೆಯಲಿಲ್ಲವೆಂದು ಕೇಳಿದೆ. “ಸರ್, ಅದು ನಮ್ಮನೆ ವಿಷಯ ಅಲ್ವಾ?” ಎಂದಳು. ಎರಡನೆಯ ಸಲ ಬರೆದಳು. ಕ್ರಾಸ್‌ಬಾರಿನ ಕೆಲಸ ಹೋದ ಮೇಲೆ ಐವತ್ತರ ವಯಸ್ಸಿನಲ್ಲಿ ತಾತ ಹೊಸ ವಿಭಾಗದ ಕೆಲಸವನ್ನು ಕಲಿತರು. ಕಲಿಯಲು ಸಾಧ್ಯವಾದದ್ದು ಹಳ್ಳಿಯ ಶಾಲೆಯಲ್ಲಿ ಮೇಷ್ಟರು ಕನ್ನಡದಲ್ಲಿ ಕಲಿಸಿದ್ದ ಗಣಿತದ ಬುನಾದಿಯಿಂದ. ಕೇವಲ ಒಂದು ಯಂತ್ರದ ಕೆಲಸವನ್ನಷ್ಟೇ ಬಲ್ಲವರು ಹಿಂದುಳಿದರು. ಇಷ್ಟನ್ನು ಬರೆದಳು. ಉದ್ಯೋಗವನ್ನು ಕೊಡುವ ವಿದ್ಯೆ ಬೇರೆ, ಉದ್ಯೋಗ ಹೋದಾಗ ಕೈಹಿಡಿಯುವ ವಿದ್ಯೆ ಬೇರೆ ಎಂಬ ಆಕೆಯ ವಿವೇಚನೆ ನಾನು ಕಲಿಸಿದ್ದಲ್ಲ.

ಆದರೂ ಒಂದು ಕೊರತೆಯಿತ್ತು. ಪ್ರಬಂಧದ ಆರಂಭದಲ್ಲಿ ವಾದವಿತ್ತು, ಕೊನೆಯಲ್ಲಿ ತಾತನವರಿದ್ದರು. ಎರಡನ್ನೂ ಜೋಡಿಸುವ ಮಾತಿರಲಿಲ್ಲ. ಅದನ್ನು ತಿಳಿಸುವುದಕ್ಕೆ ನನಗೆ ಆಕೆ ಬರುವ ದಾರಿಯೇ ನೆರವಾಯಿತು. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ ಮೆಟ್ರೋ ರೈಲು ಬಂದಿತು. ಬೈಯಪ್ಪನಹಳ್ಳಿಯಿಂದ ಈಚೆಗೆ ಅದು ಬಹಳ ವರ್ಷಗಳಿಂದಲೇ ಓಡುತ್ತಿತ್ತು. ನಡುವೆ ಉಳಿದದ್ದು ಸುಮಾರು ಎರಡು ಕಿಲೋಮೀಟರು. ಆ ಎರಡು ಕಿಲೋಮೀಟರಿಗಾಗಿ ಜನರು ರೈಲಿಳಿದು, ಬಸ್ಸು ಹತ್ತಿ, ಮತ್ತೆ ರೈಲು ಹತ್ತುತ್ತಿದ್ದರು. ಅಕ್ಟೋಬರಿನಲ್ಲಿ ಆ ಕೊಂಡಿ ಬೆಸೆದ ಮೇಲೆಯೇ ಎರಡು ತುಂಡು ಹಳಿಗಳು ಒಂದು ದಾರಿಯಾದದ್ದು. “ನಿನ್ನ ಪ್ರಬಂಧ ಇನ್ನೂ ಮಾರ್ಚಿನಲ್ಲಿದೆಯಮ್ಮಾ” ಎಂದೆ. ಆಕೆಗೆ ಕೂಡಲೇ ತಿಳಿಯಿತು. ‘ಆದುದರಿಂದ’ ಎಂದು ಆರಂಭವಾಗುವ ಎರಡು ವಾಕ್ಯಗಳನ್ನು ನಡುವೆ ಸೇರಿಸಿದಳು.

ಶ್ರೋತೃಗಳಲ್ಲಿ ಕೆಲವರಿಗೆ ಒಂದು ಸಂಶಯ ಬರಬಹುದು. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು, ಓದುವವನು ಸಾಗರದಾಚೆಯವನು, ಅವನಿಗೆ ಮೊದಲಿಯಾರರು ಯಾರು, ದೂರವಾಣಿನಗರ ಯಾವುದು? ಅವನಿಗೆ ತಿಳಿದಿರಬೇಕಾಗಿಲ್ಲ. ತಿಳಿಯುವಂತೆ ಎರಡು ವಾಕ್ಯಗಳಲ್ಲಿ ಹೇಳುವುದೇ ಬರವಣಿಗೆಯ ಕೆಲಸ. ಸಾವಿರ ಉತ್ತರಗಳಲ್ಲಿ ಎಡಿಸನ್ನರನ್ನು ಓದಿ ದಣಿದ ಕಣ್ಣಿಗೆ, ಐವತ್ತರ ವಯಸ್ಸಿನಲ್ಲಿ ಹೊಸ ಯಂತ್ರದ ಮುಂದೆ ಕುಳಿತ ಕೃಷ್ಣರಾಜಪುರದ ಒಬ್ಬ ಕಾರ್ಮಿಕನು ಖಂಡಿತವಾಗಿ ಕಾಣಿಸುತ್ತಾನೆ. ಇನ್ನು ಕನ್ನಡದಲ್ಲಿಯೇ ಬರೆಯಬಯಸುವವರಿಗೆ ನಮ್ಮ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧದ ಪತ್ರಿಕೆಯುಂಟು. ಮೂರು ಗಂಟೆ, ಎರಡು ಪ್ರಬಂಧ, 250 ಅಂಕ. ಅದನ್ನು ಕನ್ನಡದಲ್ಲಿ ಬರೆಯಬಹುದು. ಕೇಳುವ ಪ್ರಶ್ನೆಗಳು ಈ ಪ್ರಶ್ನೆಗಳ ದಾಯಾದಿಗಳೇ.

ನನಗೆ ಕೊಟ್ಟ ಕಾಲ ಮುಗಿಯುತ್ತ ಬಂದಿದೆ. ಆರಂಭದಲ್ಲಿ ನಾಲ್ಕು ವಿಷಯಗಳನ್ನು ಹೆಸರಿಸಿದೆ. ಮೂರನ್ನು ನೋಡಿದೆವು, ದಾರಿಯಲ್ಲಿ ಕೃಷ್ಣರಾಜಪುರದ ಹುಡುಗಿಯ ಪ್ರಶ್ನೆಯೂ ಸೇರಿಕೊಂಡಿತು. ನಾಲ್ಕನೆಯದನ್ನು ನಿಮಗಾಗಿಯೇ ಉಳಿಸಿದ್ದೇನೆ. ಒಂದು ಸಮಾಜವನ್ನು ಅರಿಯಲು ಅದರ ದೊಡ್ಡ ನಗರಗಳನ್ನು ಅಭ್ಯಸಿಸಿದರೆ ಸಾಕೆ? ಬರೆಯುವ ಮುನ್ನ ಹಲಸೂರಿನ ಸೋಮೇಶ್ವರ ದೇವಾಲಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಿರಿ. 1809ರಲ್ಲಿ ದಂಡು ನೆಲೆಯೂರುವುದಕ್ಕೆ ಶತಮಾನಗಳ ಹಿಂದೆಯೇ ಆ ಗುಡಿ ಅಲ್ಲಿತ್ತು, ಅದರ ಸುತ್ತ ಒಂದು ಹಳ್ಳಿಯಿತ್ತು. ನಗರದೊಳಗೆ ಹಳ್ಳಿ ಇನ್ನೂ ಉಳಿದಿದೆಯೋ ಇಲ್ಲವೋ, ಅಲ್ಲಿ ಹೂ ಕಟ್ಟುವ ಅಜ್ಜಿಯನ್ನು ಕೇಳಿರಿ. ಅನಂತರ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕುಳಿತುಕೊಳ್ಳಿರಿ. ಅರ್ಧ ಗಂಟೆ. ಮನೆಯಲ್ಲಿ ಹಿರಿಯರಿದ್ದರೆ ಬರೆದದ್ದನ್ನು ಅವರಿಗೆ ಓದಿ ಹೇಳಿರಿ. ಅವರು ಎಲ್ಲಿ ತಡೆದು “ಹಾಗಲ್ಲಪ್ಪಾ, ನಡೆದದ್ದು ಹೀಗೆ” ಎನ್ನುವರೋ, ಅಲ್ಲಿಂದ ಮತ್ತೆ ಬರೆಯಲು ತೊಡಗಿರಿ.